ಗೆರೆ ಮುಟ್ಟುವ ಬಿಲ್ಲು

ಫೆಬ್ರುವರಿ 3, ಸೋಮವಾರ

ಇವತ್ತೂ ರಬ್ಬರ್ ಪಟ್ಟಿ ಕಿಟಕಿಯಿಂದ ಹೊರಗೆ ಹೋಯಿತು. ಹಿತ್ತಲಲ್ಲಿ ಹುಡುಕಿ ತಂದೆ, ತೊಳೆದೆ, ಮತ್ತೆ ಹೆಂಡತಿಯ ಕೈಗೆ ಕೊಟ್ಟೆ. ದಿನಾ ಎಳೆಯಬೇಕು ಅಂತ ಹುಬ್ಬಳ್ಳಿಯ ಫಿಜಿಯೋಥೆರಪಿ ಹುಡುಗಿ ಹೇಳಿದ್ದಾಳೆ. ಶೈಲಶ್ರೀಗೆ ಆ ಪಟ್ಟಿ ಕಂಡರೆ ಆಗುವುದಿಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಸವಣೂರು ತಾಲೂಕಿನ ಅರ್ಧ ಹುಡುಗಿಯರಿಗೆ ಕಬಡ್ಡಿ ಕಲಿಸಿದವಳು. ಈಗ ಸೀಟಿ ಹಿಡಿದರೂ ಬೆರಳಿಂದ ಜಾರುತ್ತದೆ.

"ರಬ್ಬರ್ ಎಳದ್ರ ಏನ್ ಬಂತ್ರಿ? ಎಳೀತೇನಿ, ಬಿಡ್ತೇನಿ, ಅದು ಅಲ್ಲೇ ಇರ್ತೈತಿ. ಏನರ ಹಾರಿ ಹೋಗಬೇಕು. ಒಂದು ಬಿಲ್ಲು ಮಾಡಿ ಕೊಡ್ರಿ."

ಚಾಷ್ಟಿ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಮೋಟರ್ ವೈಂಡಿಂಗ್ ಮಾಡುವವನು ನಾನು. ತಾಮ್ರದ ತಂತಿ ಕೊಟ್ಟರೆ ಸುತ್ತಿ ಕೊಡುತ್ತೇನೆ. ಬಿಲ್ಲು ಅಂತೆ ಬಿಲ್ಲು!

ಫೆಬ್ರುವರಿ 9, ಭಾನುವಾರ

ಹಾನಗಲ್ಲಿಗೆ ಹೋಗಿದ್ದೆ, ಬಡಿಗ ಮಲ್ಲಿಕಸಾಬನ ಹತ್ತಿರ. ತಡಸಲ ಹಲಗೆ ಕೊಟ್ಟ. ಕೊಡಲಿ ಕಾವಿಗೆ ಹಾಕುವ ಕಟ್ಟಿಗೆ, ಬಾಗುತ್ತದೆ, ಬೇಗ ಮುರಿಯುವುದಿಲ್ಲವಂತೆ. ಮೂರು ಉದ್ದ ತುಂಡು ಸೀಳಿಸಿಕೊಂಡೆ. ಯಾರನ್ನ ಹೊಡೀತೀರಿ ಅಂತ ಕೇಳಿದ. ಹೆಂಡತಿ ಹೊಡೀತಾಳೆ, ಮೊದಲು ನನ್ನನ್ನೇ ಇರಬೇಕು ಅಂದೆ. ಬಸ್ಸಿನಲ್ಲಿ ಕಂಡಕ್ಟರ್ ಆ ತುಂಡುಗಳಿಗೂ ಟಿಕೆಟ್ ಕೇಳಿದ.

ಫೆಬ್ರುವರಿ 23, ಭಾನುವಾರ

ಮೊದಲನೇ ತುಂಡು ಬಚ್ಚಲ ಒಲೆಗೆ ಹೋಯಿತು.

ಮೊಬೈಲಿನ ವಿಡಿಯೋದವನು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಾನೆ. ಅವನ ಮಾತು ಬಿಟ್ಟು ಕೈ ಮಾತ್ರ ನೋಡುತ್ತೇನೆ. ಬಿಲ್ಲಿನ ನಡು ದಪ್ಪ ಇರಬೇಕು, ಎರಡೂ ತೋಳು ತುದಿಗೆ ಹೋಗುತ್ತ ತೆಳ್ಳಗಾಗಬೇಕು. ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹಗ್ಗ ಕಟ್ಟಿ ಕೆಳಕ್ಕೆ ಎಳೆದು, ದೂರ ನಿಂತು ನೋಡುವುದು. ಯಾವ ತೋಳು ಬಾಗದೆ ಸೆಟೆದುಕೊಂಡಿದೆಯೋ ಅದನ್ನು ಗಾಜಿನ ಚೂರಿನಿಂದ ಕೆರೆಯುವುದು. ಮತ್ತೆ ಎಳೆಯುವುದು, ಮತ್ತೆ ಕೆರೆಯುವುದು. ಎಳೆಯುವವರ ಬಲಕ್ಕೆ ಸರಿಹೋಗುವ ತನಕ. ನಾನು ಅವಸರ ಮಾಡಿದೆ. ಒಂದು ಕಡೆ ಹೆಚ್ಚು ಹೋಯಿತು, ಚಟ್ ಅಂತು.

ವೈಂಡಿಂಗ್ ತಪ್ಪಿದರೆ ಬಿಚ್ಚಿ ಮತ್ತೆ ಸುತ್ತಬಹುದು. ಕೆರೆದ ಕಟ್ಟಿಗೆ ಮತ್ತೆ ಅಂಟುವುದಿಲ್ಲ.

ಮಾರ್ಚ್ 16, ಭಾನುವಾರ

ಆಯಿತು! ಚಂದ ಏನಿಲ್ಲ, ಆದರೆ ಬಿಲ್ಲು.

ಶೈಲಾಳನ್ನು ಹಿತ್ತಲಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಎಡಗೈಯನ್ನು ಬಿಲ್ಲಿನ ನಡುವಿಗೆ ಬಟ್ಟೆ ಪಟ್ಟಿಯಿಂದ ಬಿಗಿದೆ. ಗೋವಿನಜೋಳದ ಒಣ ಸಿಪ್ಪೆ-ರವದಿ ತುಂಬಿದ ಚೀಲ ಎದುರಿಗೆ. ಎಷ್ಟು ಎಳೆಯಬೇಕು ಅಂತ ತಿಳಿಯಲು ಬಾಣಕ್ಕೆ ಕೆಂಪು ಪೇಂಟಿನ ಗೆರೆ ಹಾಕಿದ್ದೆ. ಎಳೆದಳು. ಗೆರೆ ಎಡಗೈಯ ಬೆರಳಿಗೆ ಬಂತು. ಬಿಟ್ಟಳು. ಚೀಲದಲ್ಲಿ ನೆಟ್ಟಿತು. ಅತ್ತೆ ವೀರವ್ವ, ಮಗಳ ಆರೈಕೆಗೆ ಅಂತ ಚಿಕ್ಕೇರೂರಿನಿಂದ ಬಂದು ಇಲ್ಲೇ ಇದ್ದಾರೆ, ಚಪ್ಪಾಳೆ ತಟ್ಟಿಬಿಟ್ಟರು.

ಆಮೇಲೆ ಶೈಲಾ ಹೇಳಿದ್ದು: "ಡಾಕ್ಟರ್ ನನಗೊಂದು ಹೇಳ್ತಾರ, ನಿಮಗೊಂದು ಹೇಳ್ತಾರ. ಈ ಗೆರಿ ಹಂಗಲ್ಲ. ಜೂನ್ ಎರಡಕ್ಕ ಸಾಲಿ ಚಾಲೂ. ಅಲ್ಲೀತನಕ ಗೆರಿ ಮುಟ್ಟಿದ್ನೆಪಾ ಅಂದ್ರ ಡ್ಯೂಟಿಗೆ ಹೋಗ್ತೇನಿ. ಇಲ್ಲಂದ್ರ ರಾಜೀನಾಮೆ."

ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದ್ದು ಬೇರೆ. ಈ ನರದ ರೋಗಕ್ಕೆ ಔಷಧ ಇಲ್ಲ. ಬಲ ಇಳಿಯುತ್ತ ಹೋಗುತ್ತದೆ. ಕೆಲವರಿಗೆ ನಿಧಾನ, ಕೆಲವರಿಗೆ ಬೇಗ. ಅವಳಿಗೆ ರೋಗದ ಹೆಸರು ಗೊತ್ತು. ತನ್ನದು ನಿಂತಿದೆ ಅಂತ ನಂಬಿದ್ದಾಳೆ.

ಮಾರ್ಚ್ 30, ಯುಗಾದಿ

ಮೂರು ದಿನದಿಂದ ಗೆರೆ ಮುಟ್ಟುತ್ತಿಲ್ಲ. ಎರಡು ಬೆರಳು ಕಡಿಮೆ. ಇವತ್ತು ಬೇವು ಬೆಲ್ಲ ಬಾಯಿಗಿಟ್ಟುಕೊಂಡವಳು ಎದ್ದು ಹೋದಳು. ಹೋಳಿಗೆ ಮುಟ್ಟಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅತ್ತೆ. ಒಳಗೆ ಅಳುವುದು ಇಬ್ಬರಿಗೂ ಕೇಳುತ್ತಿತ್ತು. ಇಬ್ಬರೂ ಕೇಳದವರ ಹಾಗೆ ಇದ್ದೆವು.

ಮಾರ್ಚ್ 31

ಕಟ್ಟಿಗೆ ಒಣಗಿ ಬಿಗಿಯಾಗಿದೆ, ಅಗಸಿ ಎಣ್ಣೆ ಕುಡಿಸಬೇಕು ಅಂತ ಹೇಳಿ ಬಿಲ್ಲು ಅಂಗಡಿಗೆ ಒಯ್ದೆ. ಎಣ್ಣೆ ಹಚ್ಚಿದೆ. ಹಚ್ಚುವ ಮುಂಚೆ ಎರಡೂ ತೋಳು ಕೆರೆದೆ. ಸ್ವಲ್ಪ. ಬಹಳ ಸ್ವಲ್ಪ.

ಸಂಜೆ ಗೆರೆ ಮುಟ್ಟಿದಳು. "ಎಣ್ಣಿ ಬೇಕಾಗಿತ್ತು ನೋಡ್ರಿ ಅದಕ್ಕ" ಅಂದಳು. ನಿನ್ನೆಯ ಹೋಳಿಗೆ ಬಿಸಿ ಮಾಡಿಸಿಕೊಂಡು ತಿಂದಳು, ತುಪ್ಪ ಸುರಿದುಕೊಂಡು.

ನಾನು ಮಾಡಿದ್ದು ಸರಿಯಲ್ಲ. ಆದರೆ ಉಂಡಳಲ್ಲ.

ಏಪ್ರಿಲ್ 14

ಮತ್ತೆ ಎಣ್ಣೆ. ಬಾಣ ಈಗ ಮೊದಲಿನಷ್ಟು ದೂರ ಹೋಗುವುದಿಲ್ಲ. ಅಲ್ಲಿ ಬಿಸಿಲು ಬಹಳ ಅಂತ ಹೇಳಿ ಚೀಲ ಈಚೆ ಸರಿಸಿದೆ.

ಪಕ್ಕದ ಪಂಕ್ಚರ್ ಅಂಗಡಿಯ ಅಲ್ಲಾಭಕ್ಷ ಚಹಾ ಹಿಡಿದುಕೊಂಡು ಬಂದ. ನೆಲದ ಮೇಲಿನ ಕಟ್ಟಿಗೆ ಪುಡಿ ನೋಡಿದ, ನನ್ನ ಮುಖ ನೋಡಿದ. ಎಲ್ಲ ಹೇಳಿದೆ. ಕಸಬರಿಗೆ ತಂದು ತಾನೇ ಗುಡಿಸಿದ.

ಮೇ 5

ಈಗ ವಾರಕ್ಕೊಮ್ಮೆ ಎಣ್ಣೆ.

ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಅತ್ತೆ ಬಾಚುತ್ತಾರೆ. ತಾಟಿನಿಂದ ತುತ್ತು ಎತ್ತುವಾಗ ಮೊಣಕೈಗೆ ಇನ್ನೊಂದು ಕೈ ಕೊಡುತ್ತಾಳೆ. ನಾನು ನೋಡಿದ್ದು ನೋಡಿ, ಬಾಚೋದು ಬೇರೆ ಸ್ನಾಯು, ಎಳೆಯೋದು ಬೇರೆ ಸ್ನಾಯು ಅಂತ ಪಾಠ ಮಾಡಿದಳು. ಎಳೆಯುವ ಸ್ನಾಯು ಗಟ್ಟಿ ಇದೆಯಂತೆ. ಹೂಂ ಅಂದೆ. ಇಷ್ಟು ವರ್ಷದಲ್ಲಿ ಅವಳ ಮಾತಿಗೆ ಎದುರಾಡದೆ ಹೂಂ ಅಂದದ್ದು ಕಡಿಮೆ. ಅನುಮಾನ ಬರಬೇಕಿತ್ತು ಅವಳಿಗೆ.

ಮೇ 19

ಹೆಡ್‌ಮಾಸ್ಟರಿಗೆ ಫೋನ್ ಮಾಡಿದಳು. ಎರಡನೇ ತಾರೀಖು ಬರ್ತೇನಿ ಸರ್, ಮೈದಾನ ಸ್ವಚ್ಛ ಮಾಡಿಸಿಡ್ರಿ ಅಂತ. ಅತ್ತೆಯಿಂದ ಚೂಡಿದಾರ ಇಸ್ತ್ರಿ ಮಾಡಿಸಿದಳು. ಬಂಕಾಪುರ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲು ಹೇಗೆ ಹತ್ತುತ್ತಾಳೆ? ಮೈದಾನದಲ್ಲಿ, ಹುಡುಗಿಯರ ಎದುರಿಗೇ ಬಿದ್ದರೆ?

ಅಡುಗೆ ಮನೆಯಲ್ಲಿ ಅತ್ತೆ ಮೆಲ್ಲಗೆ ಕೇಳಿದರು. "ಇಷ್ಟು ಎಣ್ಣಿ ಕುಡೀತೈತೇನ್ರಿ ಆ ಕಟ್ಟಿಗಿ?" ಅವರು ಸೆರಗಿನಿಂದ ಮುಖ ಒರೆಸಿಕೊಂಡು ರೊಟ್ಟಿ ಬಡಿಯತೊಡಗಿದರು.

ಮೇ 25, ಭಾನುವಾರ

ಬಿಲ್ಲು ಮುರಿಯಿತು. ಅವಳ ಕೈಯಲ್ಲೇ.

ಸದ್ದು ಕೇಳಿ ಓಡಿದೆ. ಕಣ್ಣಿಗೆ ಬಡಿಯಿತೋ ಏನೋ ಅಂತ ಜೀವ ಬಾಯಿಗೆ ಬಂದಿತ್ತು. ನೋಡಿದರೆ ಕುರ್ಚಿಯಲ್ಲಿ ಕೂತು ನಗುತ್ತಿದ್ದಾಳೆ. "ಮುರದೇ ಬಿಟ್ಟೆ ನೋಡ್ರಿ! ತಡಸಲ ಕಟ್ಟಿಗಿ!" ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. ತಂಗಿಗೆ ಫೋನ್, ಸಾಲಿಯ ಮೇಡಂಗೆ ಫೋನ್. ಅಲ್ಲಾಭಕ್ಷನನ್ನು ಕರೆಸಿ ತೋರಿಸಿದಳು. ಮುರಿದ ತೋಳು ಹುಡುಗರ ಸ್ಕೇಲಿನಷ್ಟು ತೆಳ್ಳಗಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಭಾಳ ಗಟ್ಟಿ ಇತ್ರೀ ಟೀಚರ್ ಅಂದ. ಚಹಾ ಕುಡಿಯದೆ ಹೋದ.

ಉಳಿದ ಮೂರನೇ ತುಂಡಿನಲ್ಲಿ ಇನ್ನೊಂದು ಮಾಡಬೇಕಂತೆ. ಮೊದಲನೇ ದಿನ ಎಷ್ಟು ಬಿಗಿ ಇತ್ತೋ ಅಷ್ಟೇ ಬಿಗಿ. ಡ್ಯೂಟಿಗೆ ಹೋಗುವ ಮುಂಚಿನ ದಿನ ಅದನ್ನು ಎಳೆದೇ ಹೋಗುತ್ತಾಳಂತೆ.

ಮೇ 30, ಶುಕ್ರವಾರ

ಅಂಗಡಿ ಮುಚ್ಚಿ ಐದು ದಿನ ಅದೇ ಕೆಲಸ. ಈ ಸಲ ಕೈ ಪಳಗಿದೆ. ಎರಡೂ ತೋಳು ಒಂದೇ ಹದದಲ್ಲಿ ಬಾಗುತ್ತವೆ. ಇಷ್ಟು ಚಂದದ ಬಿಲ್ಲು ಈಗ ಆಗಬೇಕಿತ್ತೇ?

ಮಾರ್ಚಿನ ಬಿಲ್ಲಿನಷ್ಟು ಬಿಗಿ ಬಂದ ಕೂಡಲೇ ನಿಲ್ಲಿಸಿದೆ. ಗಾಜಿನ ಚೂರು ಕೈಯಲ್ಲೇ ಇತ್ತು. ಇನ್ನೊಂದು ತಾಸು ಕೆರೆದರೆ ಅವಳು ಎಳೆಯುತ್ತಾಳೆ, ನಗುತ್ತಾಳೆ, ಸೋಮವಾರ ಬಸ್ ಹತ್ತಲು ಹೋಗುತ್ತಾಳೆ.

ಚೂರು ಕಸಕ್ಕೆ ಹಾಕಿದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಬಿಲ್ಲೇ ಹೇಳಲಿ ಅಂತ ಬಿಟ್ಟಿದ್ದೇನೆ. ಹೇಡಿ ಕೆಲಸ. ಗೊತ್ತು.

ಜೂನ್ 1, ಭಾನುವಾರ

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಕೂತಳು. ಪಟ್ಟಿ ಬಿಗಿದೆ. ಎಳೆದಳು. ಬಿಲ್ಲಿನ ಹುರಿ ಅಲುಗಲಿಲ್ಲ. ಕುರ್ಚಿ ತಿರುಗಿಸ್ರಿ ಅಂದಳು, ತಿರುಗಿಸಿದೆ. ಮತ್ತೆ ಎಳೆದಳು. ಕುತ್ತಿಗೆಯ ನರ ಉಬ್ಬಿದವು. ಬಿಲ್ಲು ಇದ್ದ ಹಾಗೇ ಇತ್ತು. ಅತ್ತೆ ಒಳಗೆ ಹೋಗಿಬಿಟ್ಟರು.

"ನೀವು ಎಳೀರಿ" ಅಂದಳು. ಕಷ್ಟಪಟ್ಟವನ ಹಾಗೆ ಮಾಡಬಹುದಿತ್ತು. ಮಾಡಲಿಲ್ಲ. ಸಲೀಸಾಗಿ ಗೆರೆ ದಾಟಿತು.

ಮುರಿದ ಬಿಲ್ಲು ತರಿಸಿಕೊಂಡಳು. ತೊಡೆಯ ಮೇಲೆ ಇಟ್ಟುಕೊಂಡು, ತೆಳ್ಳಗಾದ ತೋಳಿನ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ಗಾಜು ಕೆರೆದ ಗುರುತು ಇತ್ತು.

"ಯಾವಾಗಿಂದ?"

ಯುಗಾದಿಯಿಂದ ಅಂದೆ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚಲೋ ಇತ್ತು. "ಎರಡು ತಿಂಗಳು ನಾ ಒಬ್ಬಾಕೀನ ಖುಷಿ ಇದ್ದೆ ಹಂಗಾರ" ಅಂದಳು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳು ಅಳಲಿಲ್ಲ. ಹಾಳೆ, ಪೆನ್ನು ತರಲು ಹೇಳಿದಳು.

ಮಧ್ಯಾಹ್ನ

ಅವಳು ಹೇಳಿದಳು, ನಾನು ಬರೆದೆ. ಅನಾರೋಗ್ಯದ ಕಾರಣ ಸ್ವಇಚ್ಛೆಯಿಂದ ರಾಜೀನಾಮೆ. ನನ್ನ ಅಕ್ಷರ ಕೆಟ್ಟದು ಅಂತ ಒಂದು ಹಾಳೆ ಹರಿದು ಹಾಕಿಸಿದಳು. ಎರಡನೆಯದು ಒಪ್ಪಿದಳು. ಈಗ ಸಹಿ. ಬೆರಳ ನಡುವೆ ಪೆನ್ನು ಸಿಕ್ಕಿಸಿಕೊಟ್ಟೆ. ಕೈ ಹಿಡಿದು ಮಾಡಿಸಲೇ ಅಂತ ಕೇಳಿದೆ.

"ಬ್ಯಾಡ. ನೀವು ಕೈ ಹಚ್ಚಬ್ಯಾಡ್ರಿ."

ಅದಕ್ಕೇ ಮೇಜಿನ ಈಚೆ ಕೂತು ಇದನ್ನು ಬರೆಯುತ್ತಿದ್ದೇನೆ. ಸುಮ್ಮನೆ ನೋಡುತ್ತ ಕೂಡಲು ಆಗುತ್ತಿಲ್ಲ. ಪೆನ್ನು ಎರಡು ಸಲ ಬಿತ್ತು. ಎತ್ತಿ ಕೊಟ್ಟೆ, ಅಷ್ಟೇ. 'ಶೈ' ಆಯಿತು. ಸೊಟ್ಟ ಇದೆ, ಆದರೆ ಅವಳದೇ. ಬೆವರು ಒರೆಸಿಕೊಂಡಳು. ಈಗ 'ಲ'ಕ್ಕೆ ಕೈ…