ಪಾಲಿಲ್ಲದ ಹುಡುಗಿ

ಗುಂಡಿ ತುಂಬಿದ ನೂರ ಹನ್ನೆರಡನೇ ವರ್ಷ, ಗಾಳಿ ತಿಂಗಳ ಒಂಬತ್ತನೇ ದಿನ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ತೊಂಬತ್ತಾರನೇ ಇಸವಿ ಇರಬಹುದು, ಹೆಚ್ಚು ಕಡಿಮೆ.

ಹಿಂದಿನವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳು ನಮ್ಮಲ್ಲಿ ನಾಲ್ಕೇ ಉಳಿದಿವೆ, ಅದರಲ್ಲಿ ಒಂದು ಲಾರಿ ರಿಪೇರಿಯದು. ನನ್ನ ಬರವಣಿಗೆಯಲ್ಲಿ ಅಷ್ಟಿಷ್ಟು ಗ್ರೀಸಿನ ವಾಸನೆ ಬಂದರೆ ತಪ್ಪು ನನ್ನದಲ್ಲ. ಅಕ್ಷರ ಸೊಟ್ಟಗಿರುವುದಕ್ಕೂ ಕ್ಷಮಿಸಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾರಣ ಮುಂದೆ ತಿಳಿಯುತ್ತದೆ. ನನ್ನ ಹೆಸರು ಹುಲಿಗೆಮ್ಮ, ವಯಸ್ಸು ಅರವತ್ತಮೂರು. ಈ ಕಾಗದವನ್ನು ತಾಮ್ರದ ಕೊಳವೆಗೆ ತುರುಕಿ, ಮೇಣ ಹಚ್ಚಿ ಗುಂಡಿಯ ತಳಕ್ಕೆ ಇಳಿಬಿಡುವುದು ನಮ್ಮ ವಾಡಿಕೆ. ತಳದಲ್ಲಿ ನಿಮ್ಮ ಯಂತ್ರಗಳು ಮುಳುಗಿವೆ, ಅಲ್ಲಿ ಇನ್ನೂ ನಿಮ್ಮ ಕಾಲವೇ ನಡೆಯುತ್ತಿದೆ ಎಂದು ನಮ್ಮವರ ನಂಬಿಕೆ. ನಂಬಿಕೆ ಸುಳ್ಳಾದರೆ ಮೀನುಗಳು ಓದಿಕೊಳ್ಳಲಿ.

ಅದಿರಿಗಾಗಿ ಬೆಟ್ಟವನ್ನು ಅಗೆದು ನೀವು ಬಿಟ್ಟುಹೋದ ಗುಂಡಿಯಲ್ಲಿ ನಾವು ಬದುಕುತ್ತೇವೆ. ಲಾರಿ ಓಡಾಡಲೆಂದು ಸುತ್ತಲೂ ನೀವು ಕಡಿದ ಹಂತಗಳಿಗೆ ನಾವು ಮೆಟ್ಟು ಎನ್ನುತ್ತೇವೆ. ಒಂದೊಂದು ಮೆಟ್ಟಿನಲ್ಲಿ ಮೂವತ್ತು ನಲವತ್ತು ಮನೆ. ನಡುವೆ ನೀರು. ಕುಡಿಯುವುದು ಅದನ್ನೇ, ಮೀನು ಹಿಡಿಯುವುದು ಅದರಲ್ಲೇ, ಹೆಣ ತೇಲುವುದೂ ಅದರಲ್ಲೇ. ಸಜ್ಜೆ ರೊಟ್ಟಿ, ಮೀನಿನ ಸಾರು ನಮ್ಮ ಊಟ. ರೊಟ್ಟಿ ತಟ್ಟಿದರೂ ಬಟ್ಟೆ ಒಗೆದರೂ ಅದಿರಿನ ಕೆಂಪು ಹತ್ತುತ್ತದೆ. ಹುಟ್ಟಿದ ಕೂಸಿನ ಉಗುರು ಮೂರನೇ ದಿನಕ್ಕೆ ಕೆಂಪಗಾಗುತ್ತದೆ. ಮೂಡಣ ಮೆಟ್ಟಿನವರು ನಾವು, ಪಡುವಣ ಮೆಟ್ಟಿನವರು ಅವರು. ಆಚೆ ದಡದಲ್ಲಿ ಯಾರಾದರೂ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ. ಅಷ್ಟು ಹತ್ತಿರದವರನ್ನು ಕೊಲ್ಲುವುದು ಬಹಳ ಸುಲಭ.

ಎಂಬತ್ತು ವರ್ಷದ ಹಿಂದೆ, ನೀರು ತಳ ಕಂಡ ಬೇಸಿಗೆಯಲ್ಲಿ, ಪಡುವಣದವರು ಹಾರೆ ಹಿಡಿದು ಬಂದರು. ಏಳು ದಿನ ಕಡಿದರು. ಒಲೆಯ ಮುಂದೆ ಕೂತಿದ್ದ ನನ್ನ ಅಜ್ಜಿಯನ್ನು ಹಾರೆಯಿಂದ ತಿವಿದಾಗ ಅದು ಬೆನ್ನಿನಿಂದ ಹೊರಬಂದು ಗೋಡೆಗೆ ನಾಟಿತಂತೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗುವ ತನಕ ಅವಳು ಕೂತ ಹಾಗೇ ಇದ್ದಳಂತೆ. ನಾನಾಗ ಹುಟ್ಟಿರಲಿಲ್ಲ. ಆದರೂ ಏಳನೇ ವಯಸ್ಸಿನಿಂದ ಅದನ್ನು ದಿನಾ ಕಂಡಿದ್ದೇನೆ, ಏಕೆಂದರೆ ನಮ್ಮಲ್ಲಿ ಕೆಂಪುಪಾಠ ಎಂಬ ಪದ್ಧತಿ ಇದೆ. ಮಗುವಿಗೆ ಏಳು ತುಂಬಿದ ಬೆಳಿಗ್ಗೆ ಅದನ್ನು ಪಾಠದ ಕಲ್ಲಿನ ಮೇಲೆ ಕೂರಿಸಿ, ಹಣೆಗೆ ಅದಿರಿನ ಪುಡಿ ಬಳಿದು, ಮನೆಯ ಹಿರಿಯರು ಊರೆಲ್ಲ ಕೇಳುವಂತೆ ಹೇಳುತ್ತಾರೆ: ನಮ್ಮಲ್ಲಿ ಸತ್ತವರು ಯಾರು, ಏಟು ಎಲ್ಲಿಗೆ ಬಿತ್ತು, ಕೊಂದವನು ಯಾರು, ಅವನ ವಂಶದಲ್ಲಿ ನೀನು ಕೊಲ್ಲಬೇಕಾದವರು ಯಾರು. ಆ ಕೊನೆಯ ಹೆಸರಿಗೆ ಪಾಲು ಎನ್ನುತ್ತೇವೆ. ಕಲ್ಲಿನ ಬಳಿ ಬಾಯಿಂದ ಬಿದ್ದ ಪಾಠವನ್ನು ತಿದ್ದುವಂತಿಲ್ಲ. ಹಿಂದೊಮ್ಮೆ ತಿದ್ದಲು ಬಿಟ್ಟಾಗ ಎಲ್ಲರೂ ಗಟ್ಟಿಗರನ್ನು ಬಿಟ್ಟು ಮುದುಕರೇ ಪಾಲಾಗಿ ಬೇಕೆಂದು ಕೇಳಿ, ನಮ್ಮ ನಮ್ಮಲ್ಲೇ ತಲೆ ಒಡೆದುಕೊಂಡರು. ಹೊಸ ಸಾವಿಗೆ ಹೊಸ ಪಾಠ ಕಟ್ಟಬೇಕಾದರೆ, ಕಣ್ಣಾರೆ ಕಂಡವರು ಕೊಂದವನ ಹೆಸರು ಹೇಳಬೇಕು. ಈ ಎರಡು ಕಟ್ಟಳೆಗಳನ್ನು ನೆನಪಿಟ್ಟುಕೊಳ್ಳಿ. ಆಚೆ ದಡದಲ್ಲೂ ಇದೇ ಪದ್ಧತಿ.

ನನ್ನ ಪಾಲು ಓಬಳೇಶ, ಆ ಹಾರೆ ಹಿಡಿದವನ ಮೊಮ್ಮಗ, ನನ್ನದೇ ವಯಸ್ಸು. ಹನ್ನೆರಡು ವರ್ಷ ಅವನನ್ನು ಈ ದಡದಿಂದ ನೋಡಿದೆ. ಅವನು ರುಮಾಲನ್ನು ಎಡಕ್ಕೆ ಸುತ್ತುತ್ತಾನೆ, ಯಾವಾಗಲೂ ಬಲಗಾಲು ಮುಂದಿಟ್ಟು ನೀರಿಗೆ ಇಳಿಯುತ್ತಾನೆ, ಮೇಕೆಗಳನ್ನು ಮನುಷ್ಯರ ಹಾಗೆ ಬೈಯುತ್ತಾನೆ. ನನ್ನ ಗಂಡನಿಗೆ ಯಾವ ಪಲ್ಯ ಇಷ್ಟ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ. ಓಬಳೇಶನ ವಿಷಯದಲ್ಲಿ ಮಾತ್ರ ನನಗೆ ತಿಳಿಯದ್ದು ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಎರಡೂ ಕಡೆಯವರು ಉಪ್ಪು ಕೊಳ್ಳಲು ಸೇರುವ ಬಂಡೆಯ ಮೇಲೆ, ಅವನು ಬಗ್ಗಿ ಮುಖ ತೊಳೆಯುತ್ತಿದ್ದಾಗ ಕುಡುಗೋಲು ಬೀಸಿದೆ. ಕುತ್ತಿಗೆಗೆ ಬೀಸಿದ್ದು. ಅವನು ಬಲಗೈ ಅಡ್ಡ ತಂದ. ಮಣಿಕಟ್ಟು ಕತ್ತರಿಸಿ ಕೈ ಬಂಡೆಯ ಮೇಲೆ ಬಿತ್ತು. ಬೆರಳುಗಳು ಎರಡು ಸಲ ಮಡಿಚಿ ಬಿಚ್ಚಿದವು. ನಮ್ಮವರು ನನ್ನನ್ನು ಹೆಗಲ ಮೇಲೆ ಹೊತ್ತು ತಂದರು. ಎಂಟು ದಿನದ ಮೇಲೆ ಅವನ ಅಕ್ಕ ನನ್ನ ತಮ್ಮ ಪಂಪಣ್ಣನನ್ನು ಹರಿಗೋಲಿನ ಹುಟ್ಟಿನಿಂದ ಹೊಡೆದು, ಅವನ ತಲೆ ಕಾಲ ಕೆಳಗಿಟ್ಟುಕೊಂಡು, ಗುಳ್ಳೆ ನಿಲ್ಲುವ ತನಕ ನೀರಿನಲ್ಲಿ ಅದುಮಿದಳು. ಅವನಿಗೆ ಹದಿನೈದು ತುಂಬಿರಲಿಲ್ಲ. ಅವನು ಸತ್ತದ್ದು ನನ್ನ ಕುಡುಗೋಲಿನಿಂದ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ನಲವತ್ತನಾಲ್ಕು ವರ್ಷ ಅನಿಸಲಿಲ್ಲ ಎಂದರೆ ನೀವು ನಂಬಬೇಕು.

ನನಗೆ ಒಬ್ಬಳು ಮೊಮ್ಮಗಳಿದ್ದಾಳೆ, ಹೊನ್ನೂರಿ. ತಾಯಿಯಿಲ್ಲದ ಹುಡುಗಿ, ಸಾಕಿದ್ದು ನಾನೇ. ಹೋದ ತಿಂಗಳು ಅವಳಿಗೆ ಏಳು ತುಂಬುವುದಿತ್ತು. ಓಬಳೇಶ ಬದುಕಿರುವ ತನಕ ಅವನು ನನ್ನ ಪಾಲೇ. ಅವನನ್ನು ಬಿಟ್ಟರೆ ಆ ವಂಶದಲ್ಲಿ ಉಳಿದಿರುವುದು ಅವನ ಒಂಬತ್ತು ತಿಂಗಳ ಮೊಮ್ಮಗ ತಿಪ್ಪೇಶ ಮಾತ್ರ. ಹೊನ್ನೂರಿಗೆ ಆ ಕೂಸೇ ಪಾಲು ಎಂದು ಮೆಟ್ಟಿನಲ್ಲಿ ಎಲ್ಲರೂ ಆಗಲೇ ಆಡಿಕೊಳ್ಳುತ್ತಿದ್ದರು. ಪಾಠಕ್ಕೆ ನಾಲ್ಕು ದಿನವಿರುವಾಗ ಹುಡುಗಿ ಒಣಗಿದ ಸೋರೆಬುರುಡೆಗೆ ಸುಣ್ಣದಿಂದ ಕಣ್ಣು ಬಾಯಿ ಬರೆದು, ಬಟ್ಟೆ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಲಾಲಿ ಹೇಳಿದಳು. ಆಮೇಲೆ ಅದನ್ನು ನೆಲಕ್ಕಿಟ್ಟು, ಮೊಣಕಾಲಿನಿಂದ ಅದುಮಿ ಹಿಡಿದು, ಕಲ್ಲೆತ್ತಿ ಕುಟ್ಟಿದಳು. ಬುರುಡೆ ಚೂರಾಯಿತು. "ಅಜ್ಜೀ, ನೋಡ, ಒಂದ ಏಟಿಗೆ ಆತು" ಎಂದು ನನ್ನ ಮುಖ ನೋಡಿದಳು, ಶಭಾಸ್ ಅನ್ನಲಿ ಎಂದು.

ಮೊದಲು ನನಗೆ ಹೆಮ್ಮೆಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಿಮಗೆ ಸುಳ್ಳು ಹೇಳಿ ನನಗೇನು ಸಿಗುತ್ತದೆ. ಬಾಯಿ ತೆರೆದು ಶಭಾಸ್ ಎಂದೂ ಆಯಿತು. ಚೂರುಗಳನ್ನು ಆರಿಸುವಾಗ ಬಾಯಿಯ ತುಂಡು ಕೈಗೆ ಸಿಕ್ಕಿತು. ಅದರಲ್ಲಿ ಎರಡೇ ಹಲ್ಲು ಬರೆದಿದ್ದಳು. ಕೂಸಿಗೆ ಎರಡು ಹಲ್ಲು ಬಂದಿವೆ ಎಂಬುದನ್ನೂ ಈ ದಡದಿಂದ ನೋಡಿಕೊಂಡಿದ್ದಳು, ಥೇಟ್ ನನ್ನ ಹಾಗೆ. ಆ ಬಂಡೆಯ ಮೇಲೆ ಮಡಿಚಿ ಬಿಚ್ಚಿದ ಬೆರಳುಗಳು ಕಣ್ಣ ಮುಂದೆ ಬಂದವು, ಅದರ ಹಿಂದೆಯೇ ನೀರಿನಲ್ಲಿ ಪಂಪಣ್ಣನ ಗುಳ್ಳೆಗಳು. ನಡೆದದ್ದರಲ್ಲಿ ಒಂದು ಕೂದಲೂ ಬದಲಾಗಿರಲಿಲ್ಲ. ಇಷ್ಟು ವರ್ಷ ಅಜ್ಜಿಯ ಬೆನ್ನಿನ ಹಿಂದೆ ನಿಂತು ನೋಡುತ್ತಿದ್ದವಳು, ಆ ದಿನ ನನ್ನ ಕುಡುಗೋಲಿನ ಹಿಂದೆ ನಿಂತು ನೋಡಿದೆ, ಅಷ್ಟೇ. ಅಂಗಳದಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಹುಡುಗಿ ಗಾಬರಿಯಾಗಿ ನನಗೆ ನೀರು ತಂದುಕೊಟ್ಟಳು.

ಪಾಠದ ದಿನ ಊರೆಲ್ಲ ಸೇರಿತು. ಹೊನ್ನೂರಿಯ ಹಣೆಗೆ ಕೆಂಪು ಬಳಿದು ನಾನು ಹೇಳಿದ್ದು ಇಷ್ಟು: ಉಪ್ಪಿನ ಬಂಡೆಯ ಮೇಲೆ ಮುಖ ತೊಳೆಯುತ್ತಿದ್ದ ಓಬಳೇಶನ ಬಲಗೈಯನ್ನು ಕಡಿದವಳು ನಿನ್ನ ಅಜ್ಜಿ ಹುಲಿಗೆಮ್ಮ, ನನ್ನ ತಮ್ಮ ಅದರಿಂದ ಸತ್ತ, ಇದು ನಿನ್ನ ಪಾಠ, ಇದರಲ್ಲಿ ನಿನಗೆ ಪಾಲಿಲ್ಲ. ಪಾಠದ ಯಜಮಾನ ಮಾರೆಪ್ಪನ ಮುಖ ನೋಡಬೇಕಿತ್ತು, ಮೀನಿನ ಮುಳ್ಳು ಗಂಟಲಿಗೆ ಸಿಕ್ಕವನ ಹಾಗೆ. "ಬಾಯಿ ತಪ್ಪೈತಿ ಹುಲಿಗೆಮ್ಮಾ, ಇನ್ನೊಂದ ಸಲ ಹೇಳು" ಎಂದ. ತಿದ್ದುವಂತಿಲ್ಲ ಎಂಬ ಕಟ್ಟಳೆಯನ್ನು ಅವನಿಗೇ ನೆನಪಿಸಿದೆ. ಪಾಠವನ್ನು ಮುರಿಯಲಾಗದೆ ನನ್ನ ಕೈ ಮುರಿದರು. ಅದೇ ಕಲ್ಲಿನ ಮೇಲೆ ನನ್ನ ಬಲಗೈ ಇಡಿಸಿ, ಹಾರೆಯ ಹಿಂಬದಿಯಿಂದ ಒಂದೊಂದೇ ಬೆರಳನ್ನು ಜಜ್ಜಿದರು. ಹೆಬ್ಬೆರಳಿಗೆ ಮೂರು ಏಟು ಬೇಕಾಯಿತು. ಹೊನ್ನೂರಿ ಕಣ್ಣು ಮುಚ್ಚಲಿಲ್ಲ. ಆ ಸಂಜೆ ನನ್ನ ಪಕ್ಕದಲ್ಲಿ ಮಲಗಿ, "ಓಬಳೇಶಜ್ಜಗೂ ಇಷ್ಟ ನೋವಾಗಿತ್ತೇನ?" ಎಂದು ಕೇಳಿದಳು. ನಮ್ಮ ಮೆಟ್ಟಿನಲ್ಲಿ ಆಚೆಯವರನ್ನು ಅಜ್ಜ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇನ್ನೊಂದು ಕೆಲಸ ಉಳಿದಿದೆ. ಆಚೆಯವರ ಲೆಕ್ಕದಲ್ಲಿ ನಾನು ಓಬಳೇಶನ ಪಾಲು. ನನ್ನನ್ನು ಮುಗಿಸದೆ ಅವನು ಸತ್ತರೆ ಆ ಪಾಲು ತಿಪ್ಪೇಶನಿಗೆ ಇಳಿಯುತ್ತದೆ, ಅವನು ಬೆಳೆಯುವಷ್ಟರಲ್ಲಿ ನಾನಿರುವುದಿಲ್ಲ, ಆಗ ಅದು ಹೊನ್ನೂರಿಯ ಹೆಸರಾಗುತ್ತದೆ. ಅದಕ್ಕೇ ನಾಳೆ ಬೆಳಿಗ್ಗೆ ಹರಿಗೋಲಿನಲ್ಲಿ ಆಚೆಗೆ ಹೋಗಿ, ಅವರ ಕಲ್ಲಿನ ಮುಂದೆ ನಿಂತು, ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ಅವನು ಕೇಳಿಸಿಕೊಂಡು ಬಿಟ್ಟುಬಿಡಬಹುದು, ಉಳಿದ ಎಡಗೈಯಿಂದ ನನ್ನನ್ನು ಮುಗಿಸಲೂಬಹುದು. ನನಗೆ ಹೆದರಿಕೆಯಿದೆ, ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿಲ್ಲ. ಹೊನ್ನೂರಿ ಹೊಸ ಸೋರೆಬುರುಡೆಗೆ ಕಲ್ಲು ತುಂಬಿ ಗಿಲಿಕೆ ಮಾಡಿದ್ದಾಳೆ, ಕೂಸಿಗೆ ಕೊಡು ಎಂದಿದ್ದಾಳೆ. ತೆಗೆದುಕೊಂಡು ಹೋಗುತ್ತೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಮ್ಮ ಮೊದಲ ಪಾಠ ಯಾರಿಂದ ಶುರುವಾಯಿತೋ ನಮಗೆ ತಿಳಿಯದು. ಹಾರೆ ಹಿಡಿದು ಬಂದವರಿಗೂ ಅವರ ಹಿರಿಯರು ಏನನ್ನೋ ಕಲಿಸಿಯೇ ಇದ್ದರು. ಪ್ರಾಯಶಃ ನಿಮ್ಮಲ್ಲೇ ಯಾರೋ ಒಬ್ಬರು ಈ ಹೊತ್ತು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವರು ನಮಗೆ ಮಾಡಿದ್ದನ್ನು ಮರೆಯಬೇಡ ಎನ್ನುತ್ತಿರಬಹುದು. ಮರೆಯಿರಿ ಎಂದು ನಾನು ಹೇಳುವುದಿಲ್ಲ, ನಾನೂ ಮರೆತಿಲ್ಲ. ನಿಮ್ಮ ಕೈ ಏನು ಮಾಡಿತು ಎಂಬುದನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿ.

ಕೆಳಗೆ ಜಾಗ ಬಿಟ್ಟಿದ್ದೇನೆ. ಬಂದರೆ ನಾನೇ ಬರೆಯುತ್ತೇನೆ. ಇಲ್ಲದಿದ್ದರೆ ಮೊಮ್ಮಗಳು ಬರೆಯುತ್ತಾಳೆ.

ಹುಲಿಗೆಮ್ಮ

ನಾನು ಹೊನ್ನೂರಿ. ನಮ್ಮಜ್ಜಿ ಓಬಳೇಶಜ್ಜನ ಕೈ ಕಡಿದಿದ್ದಳು. ಇದನ್ನು ಮೊದಲು ಬರೆಯಬೇಕು ಎಂದಿದ್ದಳು, ಬರೆದಿದ್ದೇನೆ. ನಿನ್ನೆ ಹರಿಗೋಲು ವಾಪಸು ಬಂತು. ಅಜ್ಜಿ ಅದರಲ್ಲಿ ಮಲಗಿದ್ದಳು, ಕುತ್ತಿಗೆ ಪೂರ್ತಿ ಕೂಡಿರಲಿಲ್ಲ. ಮೈಗೆ ಯಾರೋ ಹೊಸ ಕಂಬಳಿ ಹೊದಿಸಿದ್ದರು. ಆಚೆ ದಡದಲ್ಲಿ ಯಾರು ಏನು ಮಾಡಿದರು ಎಂದು ನಾನು ಇಲ್ಲಿಂದ ಎಲ್ಲ ನೋಡಿದ್ದೇನೆ, ನಮ್ಮ ಮೆಟ್ಟಿನಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ, ನಾನೊಬ್ಬಳೇ ನೋಡಿದ್ದು. ಮಾರೆಪ್ಪಜ್ಜ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಹೊಸ ಪಾಠ ಕಟ್ಟಬೇಕು, ಕೊಂದವನ ಹೆಸರು ಹೇಳು ಅಂತ ಮೂರು ಸಲ ಕೇಳಿದ. ಕೆನ್ನೆಗೆ ಹೊಡೆದ. ನಾನು ಹೇಳಲಿಲ್ಲ. ಹರಿಗೋಲಿನಲ್ಲೆಲ್ಲ ಹುಡುಕಿದೆ. ಗಿಲಿಕೆ ಇರಲಿಲ್ಲ.