ಬೀರುವಿನ ಹಿಂದಿನ ಗೋಡೆ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ

ಪುಟ್ಟಿಯ ತಾಯಿಗೆ, ಅವಳ ಅಜ್ಜಿಯ ಆಶೀರ್ವಾದಗಳು.

ಮೂವತ್ತೊಂದು ವರ್ಷ ನಾಲ್ಕು ತಿಂಗಳು ಕನ್ನಡ ಮಾಧ್ಯಮದ ಮಕ್ಕಳಿಗೆ ರೇಖಾಗಣಿತ ಕಲಿಸಿ ನಿವೃತ್ತಳಾದ ನಾನು, ನಿನ್ನ ಅತ್ತೆ, ಸ್ವಸ್ಥಚಿತ್ತದಿಂದ ಬರೆಯುತ್ತಿರುವುದು: ನಾಳೆ ಮಗುವನ್ನು ಇಲ್ಲಿಗೆ ಕರೆತರಬೇಡ. ನಿನ್ನ ಗಂಡ ಎಷ್ಟೇ ಒತ್ತಾಯಿಸಿದರೂ ಬರಬೇಡ. ಗೋಡೆ ಸರಿಹೋಗಿದೆ ಎಂದು ಅವನಿಗೆ ಹೇಳಿದವಳು ನಾನೇ. ಸರಿಹೋಗಿಲ್ಲ. ಅದರ ಮೇಲೆ ಬಣ್ಣ ಬಳಿಸಿದ್ದೇನೆ, ಅಷ್ಟೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅರ್ಧ ಹೇಳಿ ಉಳಿದರ್ಧವನ್ನು ನುಂಗಿಬಿಡುತ್ತೇನೆಂದು ನನಗೇ ಗೊತ್ತು.

ಹೊಸ ಬಣ್ಣದ ಮೇಲೆ ಆರನೆಯ ದಿನಕ್ಕೇ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಎದ್ದವು. ನಿನ್ನೆ, ಅಲ್ಲಿ ಎಸಿ ಕೂರಿಸಿದ್ದ ಮೆಕ್ಯಾನಿಕ್‌ನನ್ನೇ ಕರೆಸಿದೆ. ಆತ ಪುಟ್ಟಿಯ ಮಂಚದ ಪಕ್ಕದ ಬೀರುವನ್ನು ಎಳೆದ. ಹಿಂದೆ ಗೋಡೆಯೇ ಕಾಣಲಿಲ್ಲ. ನೆಲದಿಂದ ಎದೆಯೆತ್ತರದವರೆಗೆ ಬೂಷ್ಟು, ಕರಿಯ ಮಖಮಲ್ಲಿನಂತೆ. ಬೀರುವಿನ ಬೆನ್ನಿಗೂ ಹಬ್ಬಿತ್ತು. ಒಳಗೆ ಮಡಿಸಿಟ್ಟಿದ್ದ ಅವಳ ಸ್ವೆಟರನ್ನು ಮೂಸಿ ನೋಡಿದೆ. ಮಗು ಏನನ್ನು ಉಸಿರಾಡುತ್ತಿದೆ ಎಂದು ಡಾಕ್ಟರು ಮೂರು ಸಲ ಕೇಳಿದ್ದರಲ್ಲ, ಉತ್ತರ ನನ್ನ ಕೈಯಲ್ಲಿತ್ತು.

ಇನ್ನು ಕಾರಣ. ಎಸಿಯ ನೀರು ಹೊರಹೋಗುವ ಪೈಪನ್ನು ಆತ ಮೊದಲು ಕಿಟಕಿಯತ್ತ ಓರೆಯಾಗಿ ಇಳಿಸಿದ್ದ. ಬಿಳಿ ಗೋಡೆಯ ಮೇಲೆ ಆ ಸೊಟ್ಟ ಗೆರೆಯನ್ನು ನನಗೆ ಸಹಿಸಲಾಗಲಿಲ್ಲ. ಬಿಚ್ಚಿಸಿದೆ. ಅಡಿಪಟ್ಟಿ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದು, ಛಾವಣಿಗೆ ಸಮಾನಾಂತರವಾಗಿ ಕೂರಿಸು ಎಂದೆ. ಆತ ಏನೋ ಗೊಣಗಿದ, ಕೂರಿಸಿದ. ಇಳಿಜಾರಿಲ್ಲದ ನೀರು ಪೈಪಿನಲ್ಲೇ ನಿಂತು, ಹಿಂದಕ್ಕೆ ಬಂದು, ಎರಡು ಬೇಸಿಗೆ ಆ ಗೋಡೆಯೊಳಗೆ ಇಳಿದಿದೆ. ನಿನ್ನೆ ಆತ, “ಟೀಚರಮ್ಮ, ನೀವು ಗೆರೆ ಎಳೆದ್ರೆ ಅದರ ಮೇಲೇ ಹೋಗಕ್ಕೆ ನೀರೇನು ನಿಮ್ಮ ಕ್ಲಾಸಲ್ಲಿ ಓದಿದ್ಯಾ?” ಎಂದ. ಬೇರೆ ದಿನವಾಗಿದ್ದರೆ ಬಾಗಿಲು ತೋರಿಸುತ್ತಿದ್ದೆ. ಈ ಪತ್ರವನ್ನು ಆತನ ಕೈಯಲ್ಲೇ ಕಳಿಸುತ್ತಿದ್ದೇನೆ. ಅನುಮಾನವಿದ್ದರೆ ಅವನನ್ನೇ ಕೇಳು.

ನೀನು, “ಅತ್ತೆ, ರೂಮಲ್ಲಿ ಏನೋ ಮುಗ್ಗಲು ವಾಸನೆ” ಎಂದಾಗ, “ಒದ್ದೆ ಬಟ್ಟೆ ಒಳಗೆ ಹರವಿದ್ರೆ ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ?” ಎಂದಿದ್ದೆ. ಮಗು ಉಬ್ಬಸದಿಂದ ಒದ್ದಾಡುತ್ತಿದ್ದ ದಿನವೂ ಅದನ್ನೇ, ನಿನ್ನ ತಾಯಿಯ ಎದುರು, ಇನ್ನೂ ಜೋರಾಗಿ ಹೇಳಿದೆ. ನೀನು ಮಗುವನ್ನು ಎತ್ತಿಕೊಂಡು ತವರಿಗೆ ಹೋದೆ. ಹೋದದ್ದು ಸರಿ.

ಈಗ ಗಾರೆ ಕೆತ್ತಿಸುತ್ತಿದ್ದೇನೆ. ಇಟ್ಟಿಗೆ ಒಣಗಲು ಮೂರು ವಾರ ಬೇಕಂತೆ. ಆಮೇಲೆ ನೀನೊಬ್ಬಳೇ ಬಂದು, ಬೀರು ಸರಿಸಿ, ಕೈಯಿಟ್ಟು ನೋಡು. ನೀನು ಸರಿ ಎಂದರೆ ಮಗು ಬರಲಿ. ನನ್ನ ಮಾತನ್ನು ನಂಬಿ ಮಾತ್ರ ಕರೆತರಬೇಡ.

ಇಂತು,
ನಿನ್ನ ಅತ್ತೆ

ತಿದ್ದುಪಡಿ: ಮೇಲೆ ‘ಏನೋ ಗೊಣಗಿದ’ ಎಂದು ಬರೆದಿರುವುದು ನಿಜವಲ್ಲ. ಆತ ಸ್ಪಷ್ಟವಾಗಿಯೇ ಹೇಳಿದ್ದ, ಬರೆಸಿಯೂ ಕೊಂಡಿದ್ದ. ಇದರೊಂದಿಗೆ ಇರಿಸಿರುವ ಕಾಗದಗಳು: ಡಾಕ್ಟರಿಗೆ ತೋರಿಸಲು ಗೋಡೆಯ ಎರಡು ಫೋಟೋ, ಇದೆಲ್ಲವನ್ನೂ ತಿಳಿಸಿ ನಿನ್ನ ಗಂಡನಿಗೆ ಬರೆದ ಪತ್ರ, ಎಸಿ ಕೂರಿಸಿದ ದಿನದ ಚೀಟಿಯ ನನ್ನ ಪ್ರತಿ. ಅದರಲ್ಲಿರುವುದು ಇಷ್ಟೇ: ‘ಪೈಪು ಹೀಗಿಟ್ಟರೆ ನೀರು ಒಳಗೆ ಬರುತ್ತದೆಂದು ಮೆಕ್ಯಾನಿಕ್ ತಿಳಿಸಿದ್ದಾರೆ. ಆದರೂ ನನ್ನ ಇಚ್ಛೆಯಂತೆ ಕೂರಿಸಲಾಗಿದೆ.’ ಅಕ್ಷರ ನನ್ನದು, ಸಹಿ ನನ್ನದು. ನಿನ್ನ ತಾಯಿಯ ಎದುರು ನಿನ್ನನ್ನು ಬೈದ ದಿನ ಬೆಳಿಗ್ಗೆಯೇ ಅದನ್ನು ಹುಡುಕಿ ತೆಗೆದು ಓದಿದ್ದೆ.