ಸೈಮಾ ದಾಟಿಸಿದ ಚೆಂಡು

ನವೆಂಬರ್ ೨೦, ಗುರುವಾರ. ದೇವದುರ್ಗ.

ನಾನು ಪಾಠ ಮಾಡುವ ಶಾಲೆಯ ನಾಗವೇಣಿ ಟೀಚರ್ ಮಾತು ಇನ್ನೂ ಚುಚ್ಚುತ್ತಿದೆ. "ರಾಯಚೂರು ಬಾಸ್ಕೆಟ್‌ಬಾಲ್ ಟೀಮಿನ್ಯಾಗ ನೀವು ಹಾಕಿದ್ದೆಲ್ಲಾ ರಿಂಗಿಗೆ ಬೀಳ್ತಿತ್ತಂತಲ್ರಿ. ಮಾನ್ವಿ ಟೀಮಿಗೆ ಹೋದಮ್ಯಾಲೆ ಯಾಕ್ರಿ ಕೈ ಕೆಟ್ಟಿತು?"

ಕೈ ಅದೇ ಇತ್ತು. ರಾಯಚೂರಿನಲ್ಲಿ ಗೆಳತಿ ಸೈಮಾ ರಿಂಗಿನತ್ತ ನುಗ್ಗಿದರೆ ಎದುರಾಳಿಗಳೆಲ್ಲ ಅವಳ ಬೆನ್ನು ಹತ್ತುತ್ತಿದ್ದರು. ಮೂಲೆಯಲ್ಲಿ ಒಬ್ಬಳೇ ನಿಂತಿರುತ್ತಿದ್ದ ನನಗೆ ಅವಳು ಚೆಂಡು ದಾಟಿಸುತ್ತಿದ್ದಳು. ಹೆಸರು ಬಂದದ್ದು ನನಗೆ. ಮಾನ್ವಿಯಲ್ಲಿ ಸೈಮಾ ಇರಲಿಲ್ಲ, ಎದುರಾಳಿಗಳೆಲ್ಲ ನನ್ನ ಮೇಲೇ ಬಿದ್ದರು. ಕೆಟ್ಟ ಹೆಸರೂ ನನಗೇ ಬಂತು.

ಸಂಜೆ ಮಕ್ಕಳು ಹೋದ ಮೇಲೆ ಶಾಲೆಯ ಮೈದಾನದ ರಿಂಗಿಗೆ ಒಮ್ಮೆ ಚೆಂಡು ಎಸೆದು ನೋಡಿದೆ. ಚೆಂಡು ಸದ್ದಿಲ್ಲದೆ ಬಲೆಯೊಳಗೆ ಇಳಿಯಿತು. "ತಗೋ ಬೇ, ಇನ್ನೊಂದು ಹಾಕು" ಎಂದು ಸೈಮಾ ಅದನ್ನು ತಿರುಗಿ ಎಸೆಯುತ್ತಾಳೆ ಎಂಬಂತೆ ಎರಡೂ ಕೈ ಚಾಚಿ ನಿಂತೆ.

ಚೆಂಡು ಉರುಳುತ್ತ ಹೋಗಿ ಕಾಂಪೌಂಡ್ ಗೋಡೆಗೆ ತಾಗಿ ನಿಂತಿತು.